ವಿನಯಶೀಲ ವಿಜ್ಞಾನಿ ಮೈಕೇಲ್ ಫ್ಯಾರಡೆ

ಶಿವನಸಮುದ್ರದಲ್ಲಿ ಕಾವೇರಿ ನದಿಯು ಎರಡು ಕವಲಾಗಿ ಧುಮುಕುತ್ತದೆ. ಆ ಜಲಪಾತದ ಬಲದಿಂದ 1902ರಲ್ಲಿ ವಿದ್ಯುಚ್ಛಕ್ತಿಯನ್ನು ಉತ್ಪಾದಿಸಿ, ತೊಂಬತ್ತು ಮೈಲಿಗಳಿಗೂ ಮಿಕ್ಕ ದೂರದಲ್ಲಿದ್ದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಗಳ ಮೂಲಕ ಸಾಗಿಸಲಾಯಿತು. ಮೂರು ವರ್ಷಗಳ ತರುವಾಯ, 1905ರಲ್ಲಿ, ಬೆಂಗಳೂರಿನಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಬೀಳುವ ನೀರು ಚಕ್ರವನ್ನು ತಿರುಗಿಸುತ್ತದೆ. ಚಕ್ರದ ಬಲದಿಂದ ಅಯಸ್ಕಾಂತವೂ ತಂತಿಯ ಸುರುಳಿಯೂ ಒಂದರ ಬಳಿ ಒಂದು ಚಲಿಸುತ್ತವೆ. ಆಗ ತಂತಿಯಲ್ಲಿ ವಿದ್ಯುತ್ತು ಹರಿಯುತ್ತದೆ. ನಮ್ಮ ಮನೆಗಳ ದೀಪಗಳನ್ನು ಬೆಳಗಿಸುವ, ಕಾರ್ಖಾನೆಗಳ ಯಂತ್ರಗಳನ್ನು ನಡೆಸುವ ವಿದ್ಯುತ್ತಿನ ಬಹುಭಾಗವು ಇಂದಿಗೂ ಹುಟ್ಟುವುದು ಇದೇ ತತ್ತ್ವದಿಂದ. ಇದನ್ನು ಜಗತ್ತಿಗೆ ತೋರಿಸಿಕೊಟ್ಟವನು ವಿದ್ಯಾರ್ಥಿಯಾಗಿ ಯಾವ ವಿಶ್ವವಿದ್ಯಾನಿಲಯದ ಮೆಟ್ಟಿಲನ್ನೂ ಹತ್ತಿದವನಲ್ಲ. ಉನ್ನತ ಗಣಿತವನ್ನು ಕಲಿತವನಲ್ಲ. ಸಿರಿವಂತರ ಮನೆಯಲ್ಲಿ ಹುಟ್ಟಿದವನೂ ಅಲ್ಲ. ಆತನು ಒಬ್ಬ ಕಮ್ಮಾರನ ಮಗ. ಪುಸ್ತಕಗಳಿಗೆ ರಟ್ಟು ಕಟ್ಟುವುದನ್ನು ಕಸುಬಾಗಿ ಕಲಿತ ಹುಡುಗ. ಹೆಸರು ಮೈಕೇಲ್ ಫ್ಯಾರಡೆ.

ಫ್ಯಾರಡೆ ಹುಟ್ಟಿದುದು 1791ನೆಯ ಇಸವಿ ಸೆಪ್ಟೆಂಬರ್ 22ರಂದು, ಲಂಡನ್ ನಗರಕ್ಕೆ ಸೇರಿದಂತಿದ್ದ ನ್ಯೂಯಿಂಗ್‌ಟನ್ ಬಟ್ಸ್ ಎಂಬಲ್ಲಿ. ತಂದೆ ಜೇಮ್ಸ್ ಫ್ಯಾರಡೆ ಕುಲುಮೆಯ ಕೆಲಸದವನು. ಆತನ ಆರೋಗ್ಯವು ಸರಿಯಿರಲಿಲ್ಲವಾದುದರಿಂದ ದುಡಿಮೆಯೂ ಸಾಲುತ್ತಿರಲಿಲ್ಲ. ಮನೆಯಲ್ಲಿ ನಾಲ್ವರು ಮಕ್ಕಳು, ಮೈಕೇಲನು ಮೂರನೆಯವನು. ಧಾನ್ಯದ ಬೆಲೆ ಏರಿದ್ದ 1801ರ ಕಾಲದಲ್ಲಿ ಬಾಲಕನಿಗೆ ಒಂದು ವಾರಕ್ಕೆ ಒಂದೇ ಒಂದು ದೊಡ್ಡ ರೊಟ್ಟಿ ದೊರೆಯುತ್ತಿತ್ತೆಂದೂ ಅದನ್ನೇ ಆತನು ದಿನದಿನಕ್ಕೆ ಹಂಚಿಕೊಂಡು ತಿನ್ನಬೇಕಾಗಿತ್ತೆಂದೂ ಹೇಳುತ್ತಾರೆ. ಶಾಲೆಯಲ್ಲಿ ಆತನಿಗೆ ದೊರೆತುದು ಓದು, ಬರಹ, ಸರಳ ಲೆಕ್ಕ ಇಷ್ಟೆ. ಆದರೆ ಆ ಬಡ ಕುಟುಂಬದಲ್ಲಿ ದೈವಭಕ್ತಿಯಿತ್ತು, ಒಬ್ಬರ ಮೇಲೊಬ್ಬರಿಗೆ ಪ್ರೀತಿಯಿತ್ತು. ಅವರು ಸ್ಯಾಂಡೆಮನ್ ಪಂಥವೆಂಬ ಒಂದು ಸಣ್ಣ ಕ್ರೈಸ್ತ ಪಂಗಡಕ್ಕೆ ಸೇರಿದವರು. ಸರಳವಾಗಿ ಬದುಕಬೇಕು, ಸಿರಿಯನ್ನು ಕೂಡಿಡಬಾರದು, ಇದ್ದುದರಲ್ಲಿ ಇಲ್ಲದವರಿಗೆ ಕೊಡಬೇಕು ಎಂಬುದು ಆ ಪಂಗಡದ ನಡೆ. ಎಳವೆಯಲ್ಲಿ ಮನಸ್ಸಿಗಿಳಿದ ಈ ಸಂಸ್ಕಾರವು ಫ್ಯಾರಡೆಯನ್ನು ಕೊನೆಯವರೆಗೂ ಬಿಡಲಿಲ್ಲ.

ಹದಿಮೂರನೆಯ ವಯಸ್ಸಿನಲ್ಲಿ, ಎಂದರೆ 1804ರಲ್ಲಿ, ಹುಡುಗನು ಜಾರ್ಜ್ ರೀಬೋ ಎಂಬ ಪುಸ್ತಕ ವ್ಯಾಪಾರಿಯ ಅಂಗಡಿಯಲ್ಲಿ ಓಲೆಕಾರನಾಗಿ ಸೇರಿದನು. ಮನೆಮನೆಗೆ ವೃತ್ತಪತ್ರಿಕೆಗಳನ್ನು ಕೊಟ್ಟು ಬರುವುದು ಅವನ ಕೆಲಸ. ಆತನ ಶ್ರದ್ಧೆಯನ್ನು ಮೆಚ್ಚಿದ ರೀಬೋ ಮರುವರ್ಷ ಯಾವ ಶುಲ್ಕವನ್ನೂ ಪಡೆಯದೆ ಏಳು ವರ್ಷಗಳ ಅವಧಿಗೆ ರಟ್ಟು ಕಟ್ಟುವ ಕಸುಬಿನಲ್ಲಿ ಶಿಷ್ಯನನ್ನಾಗಿ ಇರಿಸಿಕೊಂಡನು. ಹೊಲಿಯುವುದಕ್ಕೆಂದು ಕೈಗೆ ಬಂದ ಪುಸ್ತಕಗಳನ್ನು ಹುಡುಗನು ಹೊಲಿದು ಸುಮ್ಮನಾಗಲಿಲ್ಲ, ಓದತೊಡಗಿದನು. ಬ್ರಿಟಾನಿಕ ವಿಶ್ವಕೋಶದಲ್ಲಿದ್ದ ವಿದ್ಯುತ್ತಿನ ಲೇಖನವೂ ಜೇನ್ ಮಾರ್ಸೆಟ್ ಎಂಬ ಮಹಿಳೆ ರಸಾಯನಶಾಸ್ತ್ರವನ್ನು ಕುರಿತು ಸಂಭಾಷಣೆಯ ರೂಪದಲ್ಲಿ ಬರೆದ ಪುಸ್ತಕವೂ ಆತನ ಮನಸ್ಸನ್ನು ಸೆರೆಹಿಡಿದವು. ಓದಿದುದನ್ನು ಹಾಗೆಯೇ ನಂಬಿ ಬಿಡುವುದು ಅವನ ಸ್ವಭಾವವಾಗಿರಲಿಲ್ಲ. ಕೂಡಿಟ್ಟ ಕೆಲವು ಕಾಸುಗಳಿಂದ ಸಣ್ಣಪುಟ್ಟ ಸಾಮಗ್ರಿಗಳನ್ನು ಕೊಂಡು, ಪುಸ್ತಕದಲ್ಲಿ ಹೇಳಿದ ಪ್ರಯೋಗಗಳನ್ನು ತಾನೇ ಮಾಡಿ ನೋಡುತ್ತಿದ್ದನು. ಪ್ರಯೋಗವು ಪುಸ್ತಕದ ಮಾತನ್ನು ಸಮರ್ಥಿಸಿದಾಗಲೇ ಅವನಿಗೆ ಸಮಾಧಾನ.

ಆ ದಿನಗಳಲ್ಲಿ ಲಂಡನ್ನಿನಲ್ಲಿ ಜಾನ್ ಟೇಟಂ ಎಂಬಾತನು ವಿಜ್ಞಾನವನ್ನು ಕುರಿತು ಸಂಜೆಯ ಉಪನ್ಯಾಸಗಳನ್ನು ಕೊಡುತ್ತಿದ್ದನು. ಪ್ರವೇಶದರ ಒಂದು ಷಿಲಿಂಗ್. ಅಷ್ಟು ಹಣ ಮೈಕೇಲನ ಬಳಿ ಎಲ್ಲಿಂದ ಬರಬೇಕು? ತಂದೆಯಂತೆಯೇ ಕಮ್ಮಾರನಾಗಿದ್ದ ಅಣ್ಣ ರಾಬರ್ಟನು ತನ್ನ ಬೆವರಿನ ಗಳಿಕೆಯಿಂದ ಆ ಹಣವನ್ನು ಕೊಟ್ಟನು. ಮಹಾಪುರುಷರ ಏಳಿಗೆಯ ಹಿಂದೆ ಇಂತಹ ಎಷ್ಟು ಮಂದಿಯ ತ್ಯಾಗ ಅಡಗಿರುತ್ತದೆಯೋ! 1812ರಲ್ಲಿ ಅದೃಷ್ಟವು ಮತ್ತೊಂದು ಬಾಗಿಲನ್ನು ತೆರೆಯಿತು. ರೀಬೋನ ಅಂಗಡಿಗೆ ಬರುತ್ತಿದ್ದ ವಿಲಿಯಂ ಡ್ಯಾನ್ಸ್ ಎಂಬ ಸದ್ಗೃಹಸ್ಥನು ರಾಯಲ್ ಇನ್‌ಸ್ಟಿಟ್ಯೂಷನ್ ಸಂಸ್ಥೆಯಲ್ಲಿ ಸುಪ್ರಸಿದ್ಧ ರಸಾಯನ ವಿಜ್ಞಾನಿ ಹಂಫ್ರಿ ಡೇವಿಯು ಕೊಡಲಿದ್ದ ನಾಲ್ಕು ಉಪನ್ಯಾಸಗಳಿಗೆ ಟಿಕೆಟುಗಳನ್ನು ಹುಡುಗನಿಗೆ ಕೊಟ್ಟನು. ಫ್ಯಾರಡೆ ಅಟ್ಟಣೆಯ ಮೇಲೆ ಕುಳಿತು ಏಕಾಗ್ರತೆಯಿಂದ ಕೇಳಿ, ಮಾತುಗಳನ್ನು ಗುರುತು ಹಾಕಿಕೊಂಡನು. ಮನೆಗೆ ಬಂದು ಅವನ್ನು ವಿಸ್ತರಿಸಿ, ಚಿತ್ರಗಳನ್ನು ಬರೆದು, ಮುನ್ನೂರು ಪುಟಗಳಿಗೂ ಮಿಕ್ಕ ಒಂದು ಹೊತ್ತಗೆಯನ್ನು ಸಿದ್ಧಪಡಿಸಿ, ತನ್ನ ಕೈಯಿಂದಲೇ ರಟ್ಟು ಕಟ್ಟಿದನು.

ಶಿಷ್ಯವೃತ್ತಿಯ ಏಳು ವರ್ಷಗಳು ಮುಗಿದವು. ಇನ್ನು ಬಾಳೆಲ್ಲ ರಟ್ಟು ಕಟ್ಟುವುದರಲ್ಲಿಯೇ ಕಳೆಯಬೇಕೆ ಎಂಬ ಚಿಂತೆ ಯುವಕನನ್ನು ಕಾಡಿತು. ವಿಜ್ಞಾನದ ಸೇವೆಯಲ್ಲಿ ಎಂತಹ ಕೀಳು ಕೆಲಸ ದೊರೆತರೂ ಸಾಕೆಂದು ಆತನು ರಾಯಲ್ ಸೊಸೈಟಿಯ ಅಧ್ಯಕ್ಷರಿಗೆ ಪತ್ರ ಬರೆದನು. ಉತ್ತರವೇ ಬರಲಿಲ್ಲ. 1812ರ ಡಿಸೆಂಬರಿನಲ್ಲಿ ತಾನು ಕಟ್ಟಿದ ಹೊತ್ತಗೆಯನ್ನು ಪತ್ರದೊಡನೆ ಡೇವಿಗೇ ಕಳುಹಿಸಿದನು. ಡೇವಿ ಆತನನ್ನು ಕರೆಸಿ ಆದರದಿಂದ ಮಾತನಾಡಿಸಿದನಾದರೂ ವಿಜ್ಞಾನದಿಂದ ಹೊಟ್ಟೆ ತುಂಬುವುದು ಕಷ್ಟ, ಕಲಿತ ಕಸುಬನ್ನು ಬಿಡಬೇಡ ಎಂದು ಬುದ್ಧಿ ಹೇಳಿದನು. ಕೆಲವೇ ವಾರಗಳಲ್ಲಿ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಸಹಾಯಕನ ಸ್ಥಾನ ತೆರವಾಯಿತು. ಡೇವಿಗೆ ಆ ರಟ್ಟು ಕಟ್ಟಿದ ಹೊತ್ತಗೆಯ ನೆನಪಾಯಿತು. 1813ರ ಮಾರ್ಚ್ 1ರಂದು ಫ್ಯಾರಡೆ ವಾರಕ್ಕೆ ಇಪ್ಪತ್ತೈದು ಷಿಲಿಂಗ್ ಸಂಬಳದ ಮೇಲೆ, ಕಟ್ಟಡದ ಮೇಲಂತಸ್ತಿನಲ್ಲಿ ಎರಡು ಕೋಣೆಗಳ ವಸತಿಯೊಡನೆ, ಕೆಲಸಕ್ಕೆ ಸೇರಿದನು. ಗಾಜಿನ ಪಾತ್ರೆಗಳನ್ನು ತೊಳೆಯುವುದು, ಉಪನ್ಯಾಸದ ಮೇಜನ್ನು ಅಣಿಗೊಳಿಸುವುದು ಇವೇ ಆತನ ಮೊದಲ ಕರ್ತವ್ಯಗಳು. ಸುಮಾರು ಅರ್ಧ ಶತಮಾನ ಕಾಲ ಆ ಕಟ್ಟಡವೇ ಆತನಿಗೆ ಮನೆಯೂ ಕರ್ಮಭೂಮಿಯೂ ಆಯಿತು.

ಅದೇ ವರ್ಷದ ಅಕ್ಟೋಬರಿನಲ್ಲಿ ಡೇವಿ ಯೂರೋಪಿನ ಪ್ರವಾಸಕ್ಕೆ ಹೊರಟಾಗ ಫ್ಯಾರಡೆಯನ್ನೂ ಜೊತೆಯಲ್ಲಿ ಕರೆದೊಯ್ದನು. ಆಂಪೇರ್, ವೋಲ್ಟಾ ಮುಂತಾದ ಹಿರಿಯ ವಿಜ್ಞಾನಿಗಳನ್ನು ಕಾಣುವ ಭಾಗ್ಯ ತರುಣನಿಗೆ ಲಭಿಸಿತು. ಆದರೆ ಈ ಭಾಗ್ಯಕ್ಕೆ ತೆತ್ತ ಬೆಲೆಯೂ ಕಡಿಮೆಯದಲ್ಲ. ಡೇವಿಯ ಪರಿಚಾರಕನು ಬರಲೊಲ್ಲೆನೆಂದುದರಿಂದ ಆ ಕೆಲಸವೂ ಫ್ಯಾರಡೆಯ ಮೇಲೆ ಬಿದ್ದಿತು. ಡೇವಿಯ ಪತ್ನಿ ಆತನನ್ನು ಆಳಿನಂತೆಯೇ ಕಂಡಳು. ಎಲ್ಲವನ್ನೂ ಬಿಟ್ಟು ಹಿಂದಿರುಗಿ ಬಿಡಲೇ ಎಂದು ಆತನಿಗೆ ಅನ್ನಿಸಿದ್ದುಂಟು. ಆದರೂ ಕಲಿಯುವ ಅವಕಾಶವನ್ನು ಅವಮಾನಕ್ಕಾಗಿ ಕಳೆದುಕೊಳ್ಳಬಾರದೆಂದು ಸಹಿಸಿಕೊಂಡನು. 1815ರ ಏಪ್ರಿಲಿನಲ್ಲಿ ಅವರು ಇಂಗ್ಲೆಂಡಿಗೆ ಮರಳಿದರು. ಆ ಹದಿನೆಂಟು ತಿಂಗಳ ಪ್ರವಾಸವೇ ಫ್ಯಾರಡೆಯ ಪಾಲಿಗೆ ವಿಶ್ವವಿದ್ಯಾನಿಲಯವಾಯಿತೆನ್ನಬಹುದು.

1821ರಲ್ಲಿ ಫ್ಯಾರಡೆಗೆ ಸಾರಾ ಬರ್ನಾರ್ಡ್ ಎಂಬಾಕೆಯೊಡನೆ ವಿವಾಹವಾಯಿತು. ಮಕ್ಕಳಿಲ್ಲದಿದ್ದರೂ ಅವರ ದಾಂಪತ್ಯವು ಅನ್ಯೋನ್ಯವಾಗಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆತನು ಒಂದು ಮಹತ್ತ್ವದ ಪ್ರಯೋಗವನ್ನು ಮಾಡಿದನು. ವಿದ್ಯುತ್ತು ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಓಲಾಡುತ್ತದೆಂಬುದನ್ನು ಡೆನ್ಮಾರ್ಕಿನ ಆರ್‌ಸ್ಟೆಡ್ 1820ರಲ್ಲಿ ಕಂಡಿದ್ದನು. ಫ್ಯಾರಡೆ ಮುಂದೆ ಹೋಗಿ, ವಿದ್ಯುತ್ತು ಹರಿಯುವ ತಂತಿಯೊಂದು ಅಯಸ್ಕಾಂತದ ಸುತ್ತ ಎಡೆಬಿಡದೆ ಸುತ್ತುವಂತೆ ಮಾಡಿ ತೋರಿಸಿದನು. ಇಂದಿನ ವಿದ್ಯುತ್ ಮೋಟಾರುಗಳ ಮೂಲ ಇದರಲ್ಲಿದೆ. ಆದರೆ ಕೀರ್ತಿಯ ಬೆನ್ನಲ್ಲಿಯೇ ಕಷ್ಟವೂ ಬಂದಿತು. ಇದೇ ವಿಷಯದಲ್ಲಿ ಯೋಚಿಸುತ್ತಿದ್ದ ವುಲಾಸ್ಟನ್ ಎಂಬ ಹಿರಿಯ ವಿಜ್ಞಾನಿಯ ವಿಚಾರವನ್ನು ಫ್ಯಾರಡೆ ಹೆಸರು ಹೇಳದೆ ಬಳಸಿಕೊಂಡನೆಂದು ಕೆಲವರು ಆಡಿಕೊಂಡರು. ಪ್ರಾಮಾಣಿಕತೆಯನ್ನು ಪ್ರಾಣದಂತೆ ಕಾಪಾಡಿಕೊಂಡವನಿಗೆ ಇದಕ್ಕಿಂತ ದೊಡ್ಡ ನೋವುಂಟೆ? ಆತನು ವುಲಾಸ್ಟನ್ನನ್ನು ತಾನೇ ಕಂಡು ವಿಷಯವನ್ನು ವಿವರಿಸಲು ಮುಂದಾದನು. 1824ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವಕ್ಕೆ ಆತನ ಹೆಸರು ಬಂದಾಗ, ಅಧ್ಯಕ್ಷನಾಗಿದ್ದ ಡೇವಿಯೇ ವಿರೋಧಿಸಿದನು. ಆದರೂ ಫ್ಯಾರಡೆ ಆಯ್ಕೆಯಾದನು. ಶಿಷ್ಯನ ಏಳಿಗೆಯನ್ನು ಗುರುವು ಸಹಿಸಲಿಲ್ಲ. ಆದರೆ ಗುರುವಿನ ಉಪಕಾರವನ್ನು ಶಿಷ್ಯನು ಮರೆಯಲಿಲ್ಲ. ಡೇವಿಯನ್ನು ಕುರಿತು ಫ್ಯಾರಡೆ ಕೊನೆಯವರೆಗೂ ಗೌರವದಿಂದಲೇ ಮಾತನಾಡುತ್ತಿದ್ದನು.

ವಿದ್ಯುತ್ತಿನಿಂದ ಅಯಸ್ಕಾಂತದ ಗುಣವು ಹುಟ್ಟುವುದಾದರೆ ಅಯಸ್ಕಾಂತದಿಂದ ವಿದ್ಯುತ್ತೇಕೆ ಹುಟ್ಟಬಾರದು? ಈ ಪ್ರಶ್ನೆಯನ್ನು ಫ್ಯಾರಡೆ 1822ರ ಹೊತ್ತಿಗೇ ತನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದನು. ಬಳಿಕ ಹಲವು ಸಲ ಪ್ರಯತ್ನಿಸಿದನು. ಪ್ರತಿ ಸಲವೂ ಸೋತನು. ಸೋಲನ್ನು ಆತನು ಮರೆಮಾಡಲಿಲ್ಲ. ಯಶಸ್ಸನ್ನು ಬರೆದಂತೆಯೇ ಅದನ್ನೂ ದಿನಾಂಕದೊಡನೆ ಬರೆದಿಟ್ಟನು. ಕಡೆಗೆ 1831ರ ಆಗಸ್ಟ್ 29ರಂದು, ಆರು ಅಂಗುಲ ಅಗಲದ ಒಂದು ಮೆದು ಕಬ್ಬಿಣದ ಬಳೆಯನ್ನು ತೆಗೆದುಕೊಂಡು, ಅದರ ಎರಡು ಬದಿಗಳಿಗೂ ತಾಮ್ರದ ತಂತಿಯನ್ನು ಬೇರೆಬೇರೆಯಾಗಿ ಸುತ್ತಿದನು. ತಂತಿಯ ಸುತ್ತುಗಳು ಒಂದಕ್ಕೊಂದು ತಾಗದಂತೆ ನಡುವೆ ದಾರವನ್ನೂ ಬಟ್ಟೆಯನ್ನೂ ಇಟ್ಟನು. ಒಂದು ಬದಿಯ ತಂತಿಗೆ ವಿದ್ಯುತ್ಕೋಶವನ್ನು ಜೋಡಿಸಿದ ಕ್ಷಣದಲ್ಲಿ ಇನ್ನೊಂದು ಬದಿಯ ತಂತಿಯ ಬಳಿಯಿದ್ದ ಸೂಜಿ ಅಲುಗಿ, ಮತ್ತೆ ನಿಂತಿತು. ಕೋಶವನ್ನು ಕಳಚಿದಾಗ ಮತ್ತೊಮ್ಮೆ ಅಲುಗಿತು.

ಇತರರು ಎಡವಿದ್ದುದು ಇಲ್ಲಿಯೇ. ವಿದ್ಯುತ್ತು ಒಂದೇ ಸಮನೆ ಹರಿಯಬೇಕೆಂದು ಅವರು ಕಾಯುತ್ತಿದ್ದರು. ಬದಲಾವಣೆಯಾಗುವ ಕ್ಷಣದಲ್ಲಿ ಮಾತ್ರ ಅದು ಹುಟ್ಟುತ್ತದೆಂಬುದನ್ನು ಫ್ಯಾರಡೆಯ ಕಣ್ಣು ಗುರುತಿಸಿತು. ಅಕ್ಟೋಬರ್ 17ರಂದು ಆತನು ತಂತಿಯ ಸುರುಳಿಯೊಳಕ್ಕೆ ಅಯಸ್ಕಾಂತದ ಸರಳನ್ನು ತಳ್ಳಿ, ಹೊರಕ್ಕೆ ಎಳೆದು ನೋಡಿದನು. ಸರಳು ಚಲಿಸುವಾಗಲೆಲ್ಲ ವಿದ್ಯುತ್ತು ಹುಟ್ಟಿತು. ಅದೇ ತಿಂಗಳ 28ರಂದು ದೊಡ್ಡ ಅಯಸ್ಕಾಂತದ ನಡುವೆ ತಾಮ್ರದ ತಟ್ಟೆಯೊಂದನ್ನು ತಿರುಗಿಸಿ, ಎಡೆಬಿಡದೆ ಹರಿಯುವ ವಿದ್ಯುತ್ತನ್ನೂ ಪಡೆದನು. ಜಗತ್ತಿನ ಮೊದಲ ವಿದ್ಯುಜ್ಜನಕ ಯಂತ್ರವೆಂದರೆ ಆ ತಾಮ್ರದ ತಟ್ಟೆಯೇ.

ಆತನ ಇತರ ಸಾಧನೆಗಳನ್ನು ಇಲ್ಲಿ ಸಂಕ್ಷೇಪವಾಗಿ ಮಾತ್ರ ಹೇಳಬಹುದು. 1823ರಲ್ಲಿ ಕ್ಲೋರಿನ್ ಅನಿಲವನ್ನು ದ್ರವವಾಗಿಸಿದನು; 1825ರಲ್ಲಿ ಬೆನ್ಜೀನ್ ಎಂಬ ವಸ್ತುವನ್ನು ಕಂಡುಹಿಡಿದನು; 1833ರ ವೇಳೆಗೆ ವಿದ್ಯುದ್ವಿಭಜನೆಯ ನಿಯಮಗಳನ್ನು ರೂಪಿಸಿದನು; 1845ರಲ್ಲಿ ಅಯಸ್ಕಾಂತವು ಬೆಳಕಿನ ಮೇಲೂ ಪರಿಣಾಮ ಬೀರುತ್ತದೆಂಬುದನ್ನು ಕಂಡನು. ಆತನಿಗೆ ಉನ್ನತ ಗಣಿತವು ಬರುತ್ತಿರಲಿಲ್ಲವೆಂದು ಹೇಳಿದೆವಷ್ಟೆ. ಆ ಕೊರತೆಯನ್ನು ಆತನು ತನ್ನ ಕಲ್ಪನಾಶಕ್ತಿಯಿಂದ ತುಂಬಿಕೊಂಡನು. ಅಯಸ್ಕಾಂತದ ಮೇಲಿಟ್ಟ ಕಾಗದದಲ್ಲಿ ಕಬ್ಬಿಣದ ಪುಡಿಯನ್ನು ಉದುರಿಸಿದರೆ ಅದು ಬಾಗುಗೆರೆಗಳಾಗಿ ಸಾಲುಗೊಳ್ಳುವುದನ್ನು ನೀವೂ ನೋಡಿರಬಹುದು. ಉಳಿದವರಿಗೆ ಅದೊಂದು ವಿನೋದ. ಫ್ಯಾರಡೆಗೆ ಅದು ಪ್ರಕೃತಿಯು ಬರೆದ ಚಿತ್ರ. ಅಯಸ್ಕಾಂತದ ಸುತ್ತಣ ಬರಿಯ ಅವಕಾಶವೂ ಬರಿದಲ್ಲ, ಅದು ಬಲರೇಖೆಗಳಿಂದ ತುಂಬಿದೆ ಎಂದು ಆತನು ಭಾವಿಸಿದನು. ಗಣಿತಜ್ಞರಲ್ಲಿ ಹಲವರು ಇದನ್ನು ಲಕ್ಷಿಸಲಿಲ್ಲ. ಆದರೆ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ ಎಂಬ ತರುಣನು ಆ ಬಲರೇಖೆಗಳನ್ನು ಗಣಿತದ ಭಾಷೆಯಲ್ಲಿ ಹೇಳಿ, ಬೆಳಕೂ ಒಂದು ವಿದ್ಯುತ್ಕಾಂತ ತರಂಗವೆಂಬ ನಿರ್ಣಯಕ್ಕೆ ಬಂದನು. ರೇಡಿಯೋ, ದೂರದರ್ಶನಗಳ ಹಾದಿ ಅಲ್ಲಿಂದ ತೆರೆಯಿತು.

ಹೊಸದನ್ನು ಸೃಷ್ಟಿಸುವ ಶಕ್ತಿ ಎಲ್ಲಿಂದ ಬರುತ್ತದೆ? ಅದು ಮಿಂಚಿನಂತೆ ಹೊಳೆದುಬಿಡುವ ವರವೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಫ್ಯಾರಡೆಯ ದಿನಚರಿಯನ್ನು ನೋಡಿದರೆ ಈ ಭಾವನೆ ಬದಲಾಗುತ್ತದೆ. ಆತನು ತನ್ನ ಪ್ರಯೋಗಗಳನ್ನು ಕ್ರಮಸಂಖ್ಯೆ ಹಾಕಿ ಬರೆದಿಡುತ್ತಿದ್ದನು; ಆ ಸಂಖ್ಯೆ 16,000ವನ್ನೂ ಮೀರಿತು. ಬಳೆಗೆ ತಂತಿ ಸುತ್ತುವ ಕೆಲಸವನ್ನು ಆತನು ತನ್ನ ಘನತೆಗೆ ಕಡಿಮೆಯೆಂದು ಎಣಿಸಲಿಲ್ಲ. ಕಮ್ಮಾರನ ಮನೆಯ ಕೈಚಳಕವೂ ರಟ್ಟು ಕಟ್ಟುವವನ ಅಚ್ಚುಕಟ್ಟೂ ಪ್ರಯೋಗಶಾಲೆಯಲ್ಲಿ ಆತನಿಗೆ ನೆರವಾದವು. ಮಿಗಿಲಾಗಿ, ತನ್ನ ಅಭಿಪ್ರಾಯವೇ ಸರಿಯೆಂಬ ಹಟ ಆತನಲ್ಲಿರಲಿಲ್ಲ. ಗುರುತ್ವಾಕರ್ಷಣೆಗೂ ವಿದ್ಯುತ್ತಿಗೂ ಸಂಬಂಧವಿರಬೇಕೆಂದು ಆತನು ಬಲವಾಗಿ ನಂಬಿದ್ದನು. ಪ್ರಯೋಗಗಳು ಅದನ್ನು ತೋರಿಸಲಿಲ್ಲ. ಸಂಬಂಧ ದೊರೆಯಲಿಲ್ಲವೆಂಬ ಫಲಿತಾಂಶವನ್ನೇ ಆತನು 1851ರಲ್ಲಿ ಮರೆಯಿಲ್ಲದೆ ಪ್ರಕಟಿಸಿದನು. ಪ್ರಕೃತಿಯ ಮುಂದೆ ತಲೆಬಾಗಬಲ್ಲವನಿಗೇ ಪ್ರಕೃತಿಯು ತನ್ನ ಗುಟ್ಟನ್ನು ಬಿಟ್ಟುಕೊಡುತ್ತದೆ. ಆದುದರಿಂದ ಫ್ಯಾರಡೆಯ ವಿನಯವು ಆತನ ಪ್ರತಿಭೆಗೆ ತೊಡಿಸಿದ ಆಭರಣವಲ್ಲ; ಅದು ಆ ಪ್ರತಿಭೆಯ ಬೇರು.

ಆತನ ನಿತ್ಯಜೀವನವು ಸರಳವಾಗಿತ್ತು. ಮೇಲಂತಸ್ತಿನಲ್ಲಿ ವಾಸ, ಕೆಳಗೆ ಪ್ರಯೋಗಶಾಲೆ. ಕೈಕೆಳಗೆ ಇದ್ದವನು ಆಂಡರ್ಸನ್ ಎಂಬ ನಿವೃತ್ತ ಸೈನಿಕ. ಒಂದು ಸಂಜೆ ಆತನನ್ನು ಮನೆಗೆ ಕಳುಹಿಸುವುದನ್ನು ಫ್ಯಾರಡೆ ಮರೆತನಂತೆ. ಬೆಳಗ್ಗೆ ಬಂದು ನೋಡಿದರೆ, ಆಂಡರ್ಸನ್ ಇನ್ನೂ ಕುಲುಮೆಯ ಬೆಂಕಿಯನ್ನು ಕಾಯುತ್ತ ನಿಂತಿದ್ದನಂತೆ! ಭಾನುವಾರಗಳು ಪ್ರಾರ್ಥನೆಗೆ ಮೀಸಲು. ಬಿಡುವಾದಾಗ ತನ್ನ ಪಂಗಡದ ಬಡವರನ್ನೂ ರೋಗಿಗಳನ್ನೂ ಕಂಡು, ಕೈಲಾದ ಸಹಾಯ ಮಾಡುತ್ತಿದ್ದನು. 1836ರಿಂದ ಸುಮಾರು ಮೂವತ್ತು ವರ್ಷ ಕಾಲ ಆತನು ಸಮುದ್ರತೀರದ ದೀಪಸ್ತಂಭಗಳಿಗೆ ವೈಜ್ಞಾನಿಕ ಸಲಹೆಗಾರನಾಗಿದ್ದನು; ಮುಪ್ಪಿನಲ್ಲಿಯೂ ಚಳಿಗಾಳಿಯೆನ್ನದೆ ಹೋಗಿ ದೀಪಗಳನ್ನು ಪರೀಕ್ಷಿಸುತ್ತಿದ್ದನು. 1855ರಲ್ಲಿ ಥೇಮ್ಸ್ ನದಿಯಲ್ಲಿ ದೋಣಿಯ ಮೇಲೆ ಹೋಗುವಾಗ ನೀರಿನ ಹೊಲಸನ್ನು ಕಂಡು, ಬಿಳಿಯ ಕಾಗದದ ಚೂರುಗಳನ್ನು ನೀರಿಗೆ ಹಾಕಿ, ಅವು ಎಷ್ಟು ಬೇಗ ಕಣ್ಮರೆಯಾಗುತ್ತವೆಂಬುದನ್ನು ನೋಡಿ, ಪತ್ರಿಕೆಗೆ ಬರೆದು ಜನರನ್ನು ಎಚ್ಚರಿಸಿದನು. ವಿಜ್ಞಾನಕ್ಕೆ ದೊಡ್ಡ ಉಪಕರಣಗಳೇ ಬೇಕೆಂದಿಲ್ಲ. ಒಂದು ಕಾಗದದ ಚೂರೂ ಸಾಕು.

ಮಕ್ಕಳೆಂದರೆ ಫ್ಯಾರಡೆಗೆ ಬಹಳ ಅಕ್ಕರೆ. ಕ್ರಿಸ್‌ಮಸ್ ರಜೆಯಲ್ಲಿ ಬಾಲಕ ಬಾಲಕಿಯರಿಗಾಗಿ ವಿಜ್ಞಾನದ ಉಪನ್ಯಾಸಗಳನ್ನು ನಡೆಸುವ ಸಂಪ್ರದಾಯ ಆ ಸಂಸ್ಥೆಯಲ್ಲಿ 1825ರಲ್ಲಿ ಮೊದಲಾಯಿತು. ಇಂದಿಗೂ ಅದು ನಡೆದುಬಂದಿದೆ. ಇಂತಹ ಹತ್ತೊಂಬತ್ತು ಉಪನ್ಯಾಸಮಾಲೆಗಳನ್ನು ಫ್ಯಾರಡೆಯೊಬ್ಬನೇ ಕೊಟ್ಟನು. ಅವುಗಳಲ್ಲಿ ಎಲ್ಲಕ್ಕೂ ಪ್ರಸಿದ್ಧವಾದುದು ಮೇಣದ ಬತ್ತಿಯನ್ನು ಕುರಿತದ್ದು. ಬತ್ತಿ ಏಕೆ ಉರಿಯುತ್ತದೆ, ಕರಗಿದ ಮೇಣ ಮೇಲಕ್ಕೆ ಹೇಗೆ ಏರುತ್ತದೆ, ಉರಿದ ಮೇಣ ಎಲ್ಲಿಗೆ ಹೋಗುತ್ತದೆ ಎಂದು ಒಂದೊಂದೇ ಪ್ರಶ್ನೆಯನ್ನು ಬಿಡಿಸುತ್ತ, ಗಾಳಿ, ನೀರು, ಕೊನೆಗೆ ನಮ್ಮ ಉಸಿರಿನವರೆಗೂ ಮಕ್ಕಳನ್ನು ಕರೆದೊಯ್ಯುತ್ತಿದ್ದನು. 1861ರಲ್ಲಿ ಪುಸ್ತಕವಾಗಿ ಬಂದ ಆ ಉಪನ್ಯಾಸಗಳನ್ನು ಲೋಕದ ಅನೇಕ ಭಾಷೆಗಳ ಮಕ್ಕಳು ಓದಿದ್ದಾರೆ.

ಹಣವೂ ಪದವಿಗಳೂ ಆತನನ್ನು ಅರಸಿಕೊಂಡು ಬಂದವು. ಕಾರ್ಖಾನೆಗಳಿಗೆ ಸಲಹೆ ಕೊಟ್ಟು ಆತನು ಶ್ರೀಮಂತನಾಗಬಹುದಾಗಿತ್ತು. ಸಂಶೋಧನೆಗೆ ಹೊತ್ತು ಸಾಲದೆಂದು ಅಂತಹ ಕೆಲಸವನ್ನು ಬಹುಮಟ್ಟಿಗೆ ಬಿಟ್ಟನು. 1835ರಲ್ಲಿ ಸರ್ಕಾರವು ಆತನಿಗೆ ವರ್ಷಾಶನ ಕೊಡಲು ಯೋಚಿಸಿದಾಗ, ಪ್ರಧಾನಮಂತ್ರಿ ಮೆಲ್ಬರ್ನ್ ಇಂತಹ ವರ್ಷಾಶನಗಳ ವಿಷಯದಲ್ಲಿ ಹಗುರವಾಗಿ ಮಾತನಾಡಿದನು. ಫ್ಯಾರಡೆ ನಯವಾಗಿಯೇ ಅದನ್ನು ನಿರಾಕರಿಸಿ ಬಂದನು. ಮೆಲ್ಬರ್ನ್ ಬರಹದ ಮೂಲಕ ವಿಷಾದವನ್ನು ಸೂಚಿಸಿದ ಮೇಲೆಯೇ ವರ್ಷಕ್ಕೆ ಮುನ್ನೂರು ಪೌಂಡುಗಳ ಆ ಗೌರವವನ್ನು ಸ್ವೀಕರಿಸಿದನು. ವಿನಯವೆಂದರೆ ದೈನ್ಯವಲ್ಲವೆಂಬುದಕ್ಕೆ ಇದೇ ಸಾಕ್ಷಿ. ತನಗಾಗಿ ಆತನು ಏನನ್ನೂ ಬೇಡಲಿಲ್ಲ. ತಾನು ಪೂಜಿಸುವ ವಿದ್ಯೆಯನ್ನು ಯಾರೂ ಕೀಳಾಗಿ ಕಾಣಲೂ ಬಿಡಲಿಲ್ಲ. ಸರ್ ಎಂಬ ಬಿರುದು ಬೇಡವೆಂದನು. ರಾಯಲ್ ಸೊಸೈಟಿಯ ಅಧ್ಯಕ್ಷಪದವಿಯನ್ನು ಎರಡು ಸಲ ಒಲ್ಲೆನೆಂದನು. ಯಾವ ಸಂಸ್ಥೆಯ ಅಧ್ಯಕ್ಷರು ಒಮ್ಮೆ ಆತನ ಪತ್ರಕ್ಕೆ ಉತ್ತರವನ್ನೂ ಕೊಟ್ಟಿರಲಿಲ್ಲವೋ ಆ ಪೀಠವೇ ಆತನಿಗಾಗಿ ಕಾದು ನಿಂತಿತ್ತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುವನೆಂಬ ಗಾದೆ ನಮ್ಮಲ್ಲುಂಟು. ಫ್ಯಾರಡೆಗೆ ಹಗಲಿನಲ್ಲಿಯೂ ಕೊಡೆ ಬೇಕಾಗಿರಲಿಲ್ಲ.

ಇಂತಹ ಬಾಳಿನಲ್ಲಿಯೂ ಒಂದು ದುಃಖವಿತ್ತು. ಐವತ್ತು ವರ್ಷ ತುಂಬುವ ಮೊದಲೇ ಅತಿಶ್ರಮದಿಂದ ಆತನ ಆರೋಗ್ಯ ಕುಸಿಯಿತು, ನೆನಪು ಕೈಕೊಡತೊಡಗಿತು. ಹಿಂದೆ ತಾನೇ ಮಾಡಿದ ಕೆಲಸವೂ ಕೆಲವು ಸಲ ನೆನಪಿಗೆ ಬರುತ್ತಿರಲಿಲ್ಲ. ಆದರೂ ಧೈರ್ಯಗೆಡದೆ, ಟಿಪ್ಪಣಿ ಪುಸ್ತಕಗಳನ್ನೇ ತನ್ನ ನೆನಪನ್ನಾಗಿ ಮಾಡಿಕೊಂಡು ದುಡಿದನು. 1845ರ ಮಹತ್ತಾದ ಶೋಧಗಳು ಈ ಕಷ್ಟದ ನಂತರವೇ ಬಂದುವೆಂಬುದು ಗಮನಾರ್ಹ. ಶಕ್ತಿ ಉಡುಗಿದಂತೆಲ್ಲ ಯಾರೂ ಹೇಳುವ ಮೊದಲೇ ತನ್ನ ಹೊಣೆಗಳನ್ನು ಒಂದೊಂದಾಗಿ ತಾನೇ ಇಳಿಸಿಕೊಟ್ಟನು. 1862ರಲ್ಲಿ ಕೊನೆಯ ಪ್ರಯೋಗಗಳಲ್ಲೊಂದನ್ನು ಮಾಡಿದನು: ಅಯಸ್ಕಾಂತದ ನಡುವೆ ಉರಿಯುವ ಜ್ವಾಲೆಯ ಬೆಳಕಿನ ವರ್ಣರೇಖೆಗಳು ಬದಲಾಗುವುವೇ ಎಂದು ನೋಡಿದನು. ಯಾವ ಬದಲಾವಣೆಯೂ ಕಾಣಲಿಲ್ಲ, ಹಾಗೆಂದೇ ಬರೆದಿಟ್ಟನು. 1896ರಲ್ಲಿ ಹಾಲೆಂಡಿನ ಜೀಮಾನ್ ಎಂಬ ವಿಜ್ಞಾನಿಯು, ಫ್ಯಾರಡೆ ಇಂತಹ ಪ್ರಯತ್ನ ಮಾಡಿದ್ದನೆಂಬುದನ್ನು ಓದಿ, ಹೆಚ್ಚು ಸೂಕ್ಷ್ಮವಾದ ಉಪಕರಣಗಳಿಂದ ಅದೇ ಪ್ರಯೋಗವನ್ನು ಮಾಡಿ ಗೆದ್ದನು. ಪ್ರಾಮಾಣಿಕವಾಗಿ ಬರೆದಿಟ್ಟ ಸೋಲು ಇನ್ನೊಬ್ಬನ ಗೆಲುವಿಗೆ ದಾರಿಯಾಯಿತು.

ರಾಣಿ ವಿಕ್ಟೋರಿಯಾ 1858ರಲ್ಲಿ ಹ್ಯಾಂಪ್ಟನ್ ಕೋರ್ಟ್ ಎಂಬಲ್ಲಿ ಫ್ಯಾರಡೆಗೆ ಒಂದು ಮನೆಯನ್ನು ವಾಸಕ್ಕೆ ಕೊಟ್ಟಿದ್ದಳು. ಅಲ್ಲಿಯೇ 1867ರ ಆಗಸ್ಟ್ 25ರಂದು, ತನ್ನ ಓದುವ ಕೋಣೆಯಲ್ಲಿ ಕುರ್ಚಿಯ ಮೇಲೆ ಕುಳಿತಿದ್ದಂತೆಯೇ, ಆತನು ಶಾಂತವಾಗಿ ಕಣ್ಣು ಮುಚ್ಚಿದನು. ರಾಜರೂ ಮಹಾಕವಿಗಳೂ ಮಲಗಿರುವ ವೆಸ್ಟ್‌ಮಿನ್‌ಸ್ಟರ್ ಆಬೆಯಲ್ಲಿ ಸಮಾಧಿ ತನಗೆ ಬೇಡವೆಂಬುದು ಆತನ ಇಚ್ಛೆಯಾಗಿತ್ತು. ಅದರಂತೆ ಹೈಗೇಟ್ ಸ್ಮಶಾನದಲ್ಲಿ, ಕೆಲವೇ ಮಂದಿ ಬಂಧುಮಿತ್ರರ ಸಮ್ಮುಖದಲ್ಲಿ, ಆಡಂಬರವಿಲ್ಲದೆ ಅಂತ್ಯಕ್ರಿಯೆ ನಡೆಯಿತು. ಸಮಾಧಿಯ ಮೇಲೆ ನಿಲ್ಲಿಸಿದ ಕಲ್ಲೂ ಸಾಮಾನ್ಯವಾದುದು. ವಿಜ್ಞಾನಿಗಳು ವಿದ್ಯುತ್ ಧಾರಕತೆಯ ಮಾನಕ್ಕೆ ಫ್ಯಾರಡ್ ಎಂದು ಹೆಸರಿಟ್ಟು ಆತನನ್ನು ಗೌರವಿಸಿದ್ದಾರೆ.

ಬಡತನವು ವಿದ್ಯೆಗೆ ಅಡ್ಡಿಯೇ ಹೊರತು ತಡೆಯಲ್ಲವೆಂಬುದನ್ನು ಫ್ಯಾರಡೆಯ ಜೀವನವು ಸಾರುತ್ತದೆ. ಕೈಗೆ ಬಂದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವುದು, ಕಂಡುದನ್ನು ಕಂಡಂತೆ ಬರೆಯುವುದು, ತಿಳಿಯದುದನ್ನು ತಿಳಿಯದೆಂದು ಒಪ್ಪುವುದು, ನೆರವಾದವರನ್ನು ಮರೆಯದಿರುವುದು ಇವು ಯಾವ ಶಾಲೆಯಲ್ಲಿರುವ ಯಾವ ವಿದ್ಯಾರ್ಥಿಗೂ ಅಸಾಧ್ಯವಾದ ಗುಣಗಳಲ್ಲ. ಎಲ್ಲರೂ ಫ್ಯಾರಡೆಯಷ್ಟು ದೊಡ್ಡ ಶೋಧಗಳನ್ನು ಮಾಡಲಾರರು. ಆದರೆ ಆತನಂತೆ ಪ್ರಾಮಾಣಿಕವಾಗಿ ದುಡಿಯುವುದು ಎಲ್ಲರಿಂದಲೂ ಸಾಧ್ಯ.